ಮೊದಲ ಕೊಡದ ನೀರು

ಮೂಡಲಗಿಯ ಒಂದು ಮನೆಯ ನಳದ ನೀರಿಗೆ ಪೆಟ್ರೋಲ್ ವಾಸನೆ ಬರುತ್ತದೆ ಎಂಬ ದೂರು ಗೋಕಾಕದ ನಮ್ಮ ಪ್ರಯೋಗಾಲಯಕ್ಕೆ ಬಂದಾಗ, ಅದಕ್ಕೆ ಸಮಜಾಯಿಷಿಯೂ ಜೊತೆಗೇ ಬಂದಿತ್ತು. "ಏನಿಲ್ರಿ ಮೇಡಮ್, ಆ ಮನ್ಯಾಗ ಒಬ್ಬಾಕಿ ಬಸುರಿ ಅದಾಳ. ಬಸುರಿ ಮೂಗಿಗೆ ಏನೇನೋ ವಾಸನಿ ಬರತಾವ. ಮಗ್ಗಲ ಮನಿಯವರು ಯಾರೂ ಏನೂ ಅಂದಿಲ್ಲ. ನೀವು ಬಂದು ಒಂದ ಸೀಸೆ ತುಂಬ್ಕೊಂಡು ಹೋದ್ರ ಆತು," ಎಂದು ಪಟ್ಟಣದ ನೀರು ಸರಬರಾಜು ನೋಡಿಕೊಳ್ಳುವ ಇಂಜಿನಿಯರ್ ಫೋನಿನಲ್ಲಿ ನಕ್ಕರು. ನಾನೂ ನಕ್ಕೆ. ನಾನೂ ಎರಡು ಹಡೆದವಳು. ಮೊದಲ ಸಲ ಒಗ್ಗರಣೆಯ ವಾಸನೆಗೆ, ಎರಡನೆಯ ಸಲ ಗಂಡನ ತಲೆಗೆಣ್ಣೆಯ ವಾಸನೆಗೆ ಮನೆಯಿಂದ ಹೊರಗೆ ಓಡಿ ಕಟ್ಟೆಯ ಮೇಲೆ ಕೂತವಳು.

ಆದರೆ ದೂರಿನಲ್ಲಿದ್ದ ಪೆಟ್ರೋಲ್ ಎಂಬ ಮಾತನ್ನು ನಕ್ಕು ಬಿಡುವಂತಿರಲಿಲ್ಲ. ನಮ್ಮ ಲ್ಯಾಬಿನಲ್ಲಿ ದಿನವೂ ನೋಡುವುದು ಫ್ಲೋರೈಡು, ನೈಟ್ರೇಟು, ಗಡಸುತನ, ಕ್ಲೋರಿನ್, ಮತ್ತೆ ಗಟಾರದ ನೀರು ಸೇರಿದೆಯೇ ಎಂಬುದು. ಪೆಟ್ರೋಲಿನ ಕಥೆ ಬೇರೆ. ಅದರೊಳಗೆ ಬೆಂಜೀನ್ ಎಂಬ ವಸ್ತು ಇರುತ್ತದೆ. ಬಹುಕಾಲ ಹೊಟ್ಟೆಗೆ ಹೋದರೆ ಮೂಳೆಯೊಳಗೆ ರಕ್ತ ಹುಟ್ಟುವ ಜಾಗವನ್ನೇ ಕೆಡಿಸುವಂಥದು. ಒಂದು ಟ್ಯಾಂಕರ್ ನೀರಿಗೆ ಅದು ಒಂದೆರಡು ಹನಿ ಸೇರಿದರೂ ಆ ನೀರು ಕುಡಿಯಲು ಬಾರದು. ಅಷ್ಟು ಕಡಿಮೆ ಇದ್ದಾಗ ಅದರ ವಾಸನೆ ಯಾರಿಗೂ ಗೊತ್ತಾಗುವುದಿಲ್ಲ. ಮೂಗಿಗೆ ಸಿಗುವುದು ಪೆಟ್ರೋಲಿನಲ್ಲೇ ಅದರ ಜೊತೆ ಇರುವ ಬೇರೆ ಒಡಹುಟ್ಟುಗಳ ವಾಸನೆ. ಇದನ್ನು ಅಳೆಯುವ ಯಂತ್ರ ನಮ್ಮಲ್ಲಿಲ್ಲ, ಬೆಳಗಾವಿಯ ದೊಡ್ಡ ಲ್ಯಾಬಿಗೆ ಕಳಿಸಬೇಕು. ಸರಿಯಾಗಿ ತುಂಬಿ ಕಳಿಸುವುದಷ್ಟೇ ನಮ್ಮ ಪಾಲಿನ ಕೆಲಸ.

ಆ ತುಂಬುವುದೇ ಒಂದು ವ್ರತ. ಈ ವಸ್ತು ಗಾಳಿ ಸಿಕ್ಕರೆ ಹಾರಿಹೋಗುತ್ತದೆ. ಅದಕ್ಕೆ ಬೆರಳುದ್ದದ ಕಂದು ಗಾಜಿನ ಸೀಸೆಯನ್ನು ನೀರು ಅಂಚಿಗಿಂತ ಮೇಲೆ ಉಬ್ಬಿ ನಿಲ್ಲುವತನಕ ತುಂಬಬೇಕು, ಹಾಗೇ ಮುಚ್ಚಳ ತಿರುವಬೇಕು, ಬುಡಮೇಲು ಮಾಡಿ ಬೆರಳಿನಿಂದ ತಟ್ಟಿ ನೋಡಬೇಕು. ಸಾಸಿವೆಯಷ್ಟು ಗಾಳಿಗುಳ್ಳೆ ಕಂಡರೂ ಚೆಲ್ಲಿ ಮತ್ತೆ ಮೊದಲಿನಿಂದ. ತುಂಬಿದ ಮೇಲೆ ಐಸ್ ಇಟ್ಟ ಬರ್ಫಿನ ಪೆಟ್ಟಿಗೆ. ಅಂದು ಸೆಂಟು ಹಾಕುವಂತಿಲ್ಲ, ಉಗುರಿಗೆ ಬಣ್ಣ ಹಚ್ಚುವಂತಿಲ್ಲ, ದಾರಿಯಲ್ಲಿ ಗಾಡಿಗೆ ಪೆಟ್ರೋಲ್ ಹಾಕಿಸುವಂತಿಲ್ಲ. ಜೊತೆಗೆ ಲ್ಯಾಬಿನಲ್ಲೇ ಶುದ್ಧ ನೀರು ತುಂಬಿ ಬಿಗಿದ ಒಂದು ಸೀಸೆ ಪೆಟ್ಟಿಗೆಯಲ್ಲಿ ಹೋಗಿ, ತೆರೆಯದೆ, ಹಾಗೇ ವಾಪಸು ಬರಬೇಕು. ಅದು ಸಾಕ್ಷಿ ಸೀಸೆ. ಅದರಲ್ಲಿ ಏನಾದರೂ ಸಿಕ್ಕಿತೆಂದರೆ ದಾರಿಯಲ್ಲಿ ಸೇರಿತೆಂದು ಅರ್ಥ.

ಆ ಮನೆ ಓಣಿಯ ಕೊನೆಯಲ್ಲಿತ್ತು. ಓಣಿಯ ಬಾಯಿಯಲ್ಲಿ ಒಂದು ಖುಲ್ಲಾ ಜಾಗ, ಅಲ್ಲಿ ಕಬ್ಬಿನ ಟ್ರೇಲರ್‌ಗಳನ್ನು ನಿಲ್ಲಿಸಿದ್ದರು. ನಾನು ಹೋದಾಗ ನೀರು ಬಿಟ್ಟು ಆಗಲೇ ಸಾಕಷ್ಟು ಹೊತ್ತಾಗಿತ್ತು. ಆ ಊರಿನಲ್ಲಿ ನಳಕ್ಕೆ ನೀರು ದಿನವೂ ಬರುವುದಿಲ್ಲ. ಬಂದ ದಿನ ತುಂಬಿಟ್ಟುಕೊಂಡು ಮುಂದಿನ ಪಾಳಿಯತನಕ ನಡೆಸಬೇಕು. ಒತ್ತಡ ಸಾಲದ್ದಕ್ಕೆ ನಳ ಗೋಡೆಯಲ್ಲಿರದೆ ಅಂಗಳದ ಒಂದು ಗುಂಡಿಯೊಳಗಿತ್ತು. ಮನೆಯೊಡತಿ ಐವತ್ತು ದಾಟಿದ ಗಟ್ಟಿ ಹೆಂಗಸು, ಹಣೆಯ ತುಂಬ ವಿಭೂತಿ. ಗಂಡ ಸಕ್ಕರೆ ಕಾರ್ಖಾನೆಯ ಪಾಳಿಗೆ ಹೋಗಿದ್ದರು. ಮಗಳು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಹುಕ್ಕೇರಿಗೆ ಕೊಟ್ಟ ಮಗಳು, ಮೊದಲ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ ಎಂದು ತಾಯಿ ಹೇಳಿದಾಗ ಆ ಮಾತಿನಲ್ಲಿ ಹೆಮ್ಮೆಯಿತ್ತು.

ತಾಯಿ ಮೊದಲು ಮಾಡಿದ ಕೆಲಸವೆಂದರೆ ಒಂದು ತಟ್ಟೆಯಲ್ಲಿ ತಂಬಿಗೆ ನೀರು, ಮೇಲೊಂದು ಬೆಲ್ಲದ ಚೂರು ತಂದು ನನ್ನ ಮುಂದಿಟ್ಟದ್ದು. ನಾನು ಕೌಜಲಗಿಯವಳು, ಅದನ್ನು ಮುಟ್ಟದೆ ಬಿಟ್ಟರೆ ಏನರ್ಥವೆಂದು ಗೊತ್ತಿಲ್ಲದವಳಲ್ಲ.

"ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ. ಯಾವ ನೀರು ತಪಾಸ ಮಾಡಾಕ ಬಂದಿರ್ತೀವಿ, ಆ ನೀರು ನಾವು ಕುಡಿಯೂದಿಲ್ಲ. ನಿಯಮ ಐತ್ರಿ," ಎಂದೆ.

ಆಕೆ ತಟ್ಟೆಯನ್ನು ಎತ್ತಿಕೊಂಡು ಹೋಗದೆ ಅಲ್ಲೇ ಬಿಟ್ಟರು. ನಾನು ಕೆಲಸ ಮುಗಿಸಿ ಏಳುವತನಕ ಆ ಬೆಲ್ಲಕ್ಕೆ ಇರುವೆ ಮುತ್ತುತ್ತಿದ್ದುದನ್ನು ನೋಡುತ್ತಿದ್ದೆ.

ಮಗಳು ಹೇಳಿದ್ದು ಇಷ್ಟೇ: "ಬಾಯಾಗ ಇಟ್ಟ ಕೂಡ್ಲೇ ಪಂಪಿನ ಮುಂದ ನಿಂತಂಗ ಆಗತೈತ್ರಿ ಮೇಡಮ್. ದಿನಾ ಅಲ್ಲ. ಒಂದೊಂದ ದಿನ ಭಾಳ, ಒಂದೊಂದ ದಿನ ಇಲ್ಲ." ದಿನಾ ಅಲ್ಲ ಎಂಬ ಮಾತು ಕೇಳಿ, ಜೊತೆಗೆ ಬಂದಿದ್ದ ಇಂಜಿನಿಯರ್ ನನ್ನ ಕಡೆ ನೋಡಿ ಹುಬ್ಬೇರಿಸಿದರು. ನಾನು ತಂಬಿಗೆಯನ್ನು ಮೂಸಿ ನೋಡಿದೆ. ಏನೂ ತಿಳಿಯಲಿಲ್ಲ. ಲ್ಯಾಬಿನಲ್ಲಿ ಆಮ್ಲದ ಹೊಗೆ ಮೂಸಿ ಮೂಸಿ ನನ್ನ ಮೂಗು ನನಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿದೆ. ನಿಯಮದಂತೆ ನಳವನ್ನು ಐದು ನಿಮಿಷ ಪೂರ್ತಿ ತೆರೆದಿಟ್ಟೆ. ಪೈಪಿನಲ್ಲಿ ನಿಂತ ನೀರು ಹೋಗಿ ಊರಿನ ನೀರು ಬರಲಿ ಎಂಬುದಕ್ಕೆ ಹಾಗೆ ಮಾಡುತ್ತೇವೆ. ಆಮೇಲೆ ಸೀಸೆ ತುಂಬಿದೆ.

ಬೆಳಗಾವಿಯಿಂದ ಫಲಿತಾಂಶ ಬಂತು. ಎಲ್ಲ ಸೀಸೆಗಳಲ್ಲೂ ಪೆಟ್ರೋಲಿನ ಅಂಶ. ಸಾಕ್ಷಿ ಸೀಸೆಯಲ್ಲೂ ಅಷ್ಟೇ. ನಾನು ಹೋಗಿಬಂದ ಕಚೇರಿಯ ಜೀಪಿನ ಡಿಕ್ಕಿ ತೆಗೆಸಿದಾಗ ಕಾರಣ ಸಿಕ್ಕಿತು. ಕಚೇರಿಯ ಜನರೇಟರಿಗೆ ಪೆಟ್ರೋಲ್ ತರುವ ಪ್ಲಾಸ್ಟಿಕ್ ಡಬ್ಬಿ ನಾನು ಬರ್ಫಿನ ಪೆಟ್ಟಿಗೆ ಇಟ್ಟಿದ್ದ ಜಾಗದ ಪಕ್ಕದಲ್ಲೇ ಮಲಗಿತ್ತು. "ಖಾಲಿ ಐತಲ್ರಿ," ಎಂದ ಡ್ರೈವರ್. ಖಾಲಿ ಡಬ್ಬಿಯ ಹೊಟ್ಟೆಯಲ್ಲಿ ಇರುವುದೇ ಆವಿ ಎಂದು ಅವನಿಗೆ ಬೈಯುವ ಮೊದಲು, ಡಿಕ್ಕಿ ನೋಡದೆ ಪೆಟ್ಟಿಗೆ ಇಟ್ಟ ನನ್ನನ್ನೇ ಬೈದುಕೊಂಡೆ. ಆ ಸಲದ ಸೀಸೆಗಳ ಇಡೀ ಗಂಟು ರದ್ದಿಗೆ ಹೋಯಿತು.

ಇಂಜಿನಿಯರ್ ಸುದ್ದಿ ಕೇಳಿ ಖುಷಿಯಾದರು. "ನಿಮ್ಮ ಸೀಸ್ಯಾಗ ಪೆಟ್ರೋಲ್ ಐತ್ರಿ ಮೇಡಮ್, ನಮ್ಮ ನಳದಾಗ ಅಲ್ಲ," ಎಂದರು. ಅವರು ಕೆಟ್ಟ ಮನುಷ್ಯರಲ್ಲ. ಊರಿಗೆಲ್ಲ ನೀರು ಹಂಚುವವನ ಕಿವಿಗೆ ದಿನಕ್ಕೆ ಎಷ್ಟು ಬೈಗುಳ ಬೀಳುತ್ತವೆಂದು ನನಗೂ ಗೊತ್ತು. ನೀರಿನಲ್ಲಿ ಪೆಟ್ರೋಲ್ ಎಂಬ ಸುದ್ದಿ ಹರಡಿದರೆ ಕಚೇರಿಯ ಮುಂದೆ ಖಾಲಿ ಕೊಡಗಳ ಸಾಲು ನಿಲ್ಲುತ್ತದೆ ಎಂಬ ಹೆದರಿಕೆ ಅವರದು.

ಎರಡನೆಯ ಸಲ ಜೀಪಿನ ಸಹವಾಸವೇ ಬೇಡವೆಂದು ಬಸ್ಸಿಗೆ ಹೋದೆ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು. ನಾಗನೂರಿಗೆ ಹೊರಟಿದ್ದ ಪಕ್ಕದ ಹೆಂಗಸು ಬಹಳ ಹೊತ್ತು ತಡೆದುಕೊಂಡು ಕೊನೆಗೆ, "ಐಸ್‌ಕ್ರೀಮ್ ಏನ್ರಿ ಅಕ್ಕಾರ?" ಎಂದು ಕೇಳಿದಳು. ನೀರು ಎಂದೆ. ಇಷ್ಟು ಜೋಪಾನವಾಗಿ ನೀರು ಒಯ್ಯುವವಳ ತಲೆ ನೆಟ್ಟಗಿಲ್ಲ ಎಂದುಕೊಂಡಳೋ ಏನೋ, ಸ್ವಲ್ಪ ಸರಿದು ಕೂತಳು. ಮೂಡಲಗಿಯಲ್ಲಿ ಮತ್ತೆ ಅದೇ ಕ್ರಮ. ನೀರು ಬಿಟ್ಟ ಮೇಲೆ ಇಂಜಿನಿಯರ್ ಕರೆದರು, ಹೋದೆ, ಐದು ನಿಮಿಷ ನಳ ಬಿಟ್ಟೆ, ತುಂಬಿದೆ. ಹರಿದುಹೋಗುವ ನೀರಿಗೆ ತಾಯಿ ಬಕೆಟ್ ಹಿಡಿದು, "ಹಾಳ ಮಾಡಬ್ಯಾಡ್ರಿ ಬಾಯಾರ, ಬಳಸಾಕರೆ ಆಗತೈತಿ," ಎಂದರು. ಈ ಸಲ ಬೆಲ್ಲ ನೀರು ತರಲಿಲ್ಲ.

ಈ ಸಲ ಸಾಕ್ಷಿ ಸೀಸೆ ಶುದ್ಧ. ಉಳಿದ ಸೀಸೆಗಳೂ ಶುದ್ಧ. ಬೆಂಜೀನ್ ಇಲ್ಲ, ಅದರ ಒಡಹುಟ್ಟುಗಳೂ ಇಲ್ಲ. ಕೆಲಸ ಮುಗಿದಂತೆಯೇ. ನನಗೆ ಹಗುರವೂ ಆಯಿತು. ಸುಳ್ಳು ಯಾಕೆ ಹೇಳಲಿ, ಬಸುರಿ ಮೂಗು ಎಂದು ನಕ್ಕದ್ದು ಸರಿಯೇ ಆಯಿತೆಂದೂ ಅನ್ನಿಸಿತು. ನೀರು ಕುಡಿಯಲು ಯೋಗ್ಯ ಎಂಬ ಒಕ್ಕಣೆ ತಯಾರು ಮಾಡಿ, ಸಹಿ ಹಾಕುವ ಮೊದಲು ಸೌಜನ್ಯಕ್ಕೆಂದು ತಾಯಿಗೆ ಫೋನ್ ಮಾಡಿದೆ.

ಆಕೆ ಪೂರ್ತಿ ಕೇಳಿಸಿಕೊಂಡು, "ಚೊಲೊ ಆತ್ರಿ," ಎಂದರು. ಆಮೇಲೆ ಹೇಳಿದರು: "ನಿಮಗ ನಮ್ಮ ಮನಿ ನೀರು ಕುಡಿಯಬಾರದಂತ ನಿಯಮ ಐತಿ. ನಮ್ಮ ಮಗಳಿಗೆ ಕುಡಿ ಅಂತ ಬರಿಯಾಕ ನಿಯಮ ಐತಿ. ಆಗಲ್ರಿ."

ಅದು ಕಪಾಳಕ್ಕೆ ಹೊಡೆದಂತಾಯಿತು. ಆದರೂ ಅದು ನೊಂದ ಮನಸ್ಸಿನ ಮಾತು, ವಿಜ್ಞಾನವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮರುದಿನ ಮಗಳದೇ ಫೋನ್ ಬಂತು. ಮೈದುನನ ನಿಶ್ಚಯಕ್ಕೆಂದು ಹುಕ್ಕೇರಿಗೆ ಹೋಗಿದ್ದಳಂತೆ.

"ಇಲ್ಲಿ ಬಂದು ಮೂರು ದಿನ ಆತ್ರಿ ಮೇಡಮ್. ತಂಬಿಗಿಗಟ್ಟಲೆ ಕುಡದೇನಿ. ಒಂದ ಸಲಾನೂ ವಾಸನಿ ಬರಲಿಲ್ಲ. ನನ್ನ ಬಸರು ಮೂಡಲಗ್ಯಾಗಷ್ಟ ಇರತೈತೇನ್ರಿ?"

ಅದೇ ಹೊಟ್ಟೆ, ಅದೇ ಮೂಗು, ಬದಲಾದದ್ದು ನೀರೊಂದೇ. ಸಾಕ್ಷಿ ಸೀಸೆ ಎಂದು ನಾನು ಪೆಟ್ಟಿಗೆಯಲ್ಲಿ ಹೊತ್ತು ತಿರುಗುವುದೂ ಇದೇ ತರ್ಕಕ್ಕಲ್ಲವೇ? ಒಕ್ಕಣೆಯನ್ನು ಮಡಿಸಿ ಡ್ರಾಯರಿಗೆ ಹಾಕಿದೆ. ಇಂಜಿನಿಯರ್ ಎರಡು ಸಲ ಫೋನ್ ಮಾಡಿ ಸಹಿ ಏನಾಯಿತೆಂದು ಕೇಳಿದರು. ಮುಂದಿನ ಪಾಳಿಯ ನೀರು ಯಾವಾಗ ಬಿಡುತ್ತೀರಿ ಎಂದಷ್ಟೇ ಕೇಳಿಕೊಂಡೆ. ನಾನು ಬರುತ್ತೇನೆಂದು ಹೇಳಲಿಲ್ಲ.

ಆ ದಿನ ಮೊದಲ ಬಸ್ಸು ಹಿಡಿದು, ನೀರು ಬರುವ ಮೊದಲೇ ಆ ಓಣಿಯಲ್ಲಿದ್ದೆ. ಮಗಳು ಹುಕ್ಕೇರಿಯಿಂದ ವಾಪಸು ಬಂದಿದ್ದಳು, ಇನ್ನೂ ಮಲಗಿದ್ದಳು. ತಾಯಿ ತಲೆಯ ಮೇಲೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ಗಂಟು ಕಟ್ಟಿ, ನಳದ ಗುಂಡಿಯ ಅಂಚಿನಲ್ಲಿ ಕೂತಿದ್ದರು. ಮುಂದೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಎರಡು ತಾಮ್ರದ ಕೊಡ. ನಾನು ನಳಕ್ಕೆ ಕೈಯಿಡಲು ಹೋದೆ.

"ಮುಟ್ಟಬ್ಯಾಡ್ರಿ ಬಾಯಾರ," ಎಂದರು ಆಕೆ. "ಮೀಸಲ ನೀರು. ಲಿಂಗದ ಪೂಜಿಗೆ ಆಗಬೇಕು. ಪೂಜಿಗೆ ಹಿಡದ ನೀರನ್ನ ನಾವು ಕುಡೀತೀವಿ. ಇದಾದ ಮ್ಯಾಲ ಬಳಸೂ ನೀರು."

ನಾನು ಗುಂಡಿಯ ಅಂಚಿನಲ್ಲೇ ಕೂತುಬಿಟ್ಟೆ. ನಮ್ಮ ಮನೆಯಲ್ಲೂ ನಮ್ಮವ್ವ ಹೀಗೇ ಮಾಡುತ್ತಿದ್ದಳು. ಹೊಲದ ಮೊದಲ ತೆನೆ, ಎಮ್ಮೆಯ ಮೊದಲ ಹಾಲು, ನಳದ ಮೊದಲ ಕೊಡ, ಯಾವುದೇ ಆಗಲಿ ಯಾರೂ ಮುಟ್ಟುವ ಮೊದಲು ದೇವರಿಗೆ. ಇಷ್ಟು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. ಎರಡೂ ಸಲ ನಾನು ಬಂದದ್ದು ಈ ಕೊಡಗಳು ತುಂಬಿ ಒಳಗೆ ಹೋದ ಮೇಲೆ. ಅದು ಸಾಲದೆಂದು ಐದು ನಿಮಿಷ ನೀರು ಬೇರೆ ಬಿಟ್ಟಿದ್ದೆ. ಪೈಪಿನಲ್ಲಿ ದಿನಗಟ್ಟಲೆ ನಿಂತ ನೀರನ್ನು ನಾನು ಬೇಡವೆಂದು ಚೆಲ್ಲುತ್ತಿದ್ದೆ. ಅದೇ ನೀರನ್ನು ಇವರು ಎಲ್ಲಕ್ಕಿಂತ ಪವಿತ್ರವೆಂದು ಹಿಡಿದು, ಲಿಂಗಕ್ಕೆ ಎರೆದು, ಬಸುರಿಗೆ ಕುಡಿಸುತ್ತಿದ್ದರು.

"ಮಗ್ಗಲ ಮನಿಯವರು ಮೊದಲ ನೀರು ಏನ್ ಮಾಡ್ತಾರ್ರಿ?" ಎಂದು ಕೇಳಿದೆ.

"ಅವರೇನು, ಮೊದಲ ನೀರಿನ್ಯಾಗ ಅಂಗಳ ತೊಳೀತಾರ. ಮಡಿ ಇಲ್ಲ, ಮೈಲಿಗಿ ಇಲ್ಲ," ಎಂದು ಆಕೆ ಮೂಗು ಮುರಿದರು.

"ಈ ಪೈಪು ಯಾವ ಕಡೆಯಿಂದ ಬರತೈತಿ?"

"ಅಲ್ಲಿ, ಟ್ರೇಲರ್ ನಿಂತಾವಲ್ಲ, ಅದರ ಬುಡಕ್ಕ. ನಾ ಮದಿವ್ಯಾಗಿ ಬಂದಾಗ ಅಲ್ಲಿ ಪೆಟ್ರೋಲ್ ಪಂಪ್ ಇತ್ತು. ಮುಚ್ಚಿ ಭಾಳ ವರ್ಷ ಆತು."

ನೆಲದೊಳಗಿನ ಟ್ಯಾಂಕ್ ತೆಗೆದಿದ್ದಾರೆಯೇ ಎಂದರೆ ಆಕೆಗೆ ಗೊತ್ತಿರಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು. ಗಿಡ್ಡ ದಾರಿಯೆಂದು ಆ ಜಾಗದ ಅಡಿಯಲ್ಲಿ ಎಳೆದ ಕರಿ ಪ್ಲಾಸ್ಟಿಕ್ ಪೈಪು. ಪೆಟ್ರೋಲ್ ಕುಡಿದ ಮಣ್ಣಿನಲ್ಲಿ ಅಂಥ ಪೈಪು ಮಲಗಿದ್ದರೆ, ಒಡೆಯದಿದ್ದರೂ ಅದರ ಮೈಯೊಳಗಿಂದಲೇ ಈ ವಸ್ತುಗಳು ಜಿನುಗಿ ಒಳಗಿನ ನೀರಿಗೆ ಸೇರುತ್ತವೆ. ನೀರು ಹರಿಯುವಾಗ ತಿಳಿಯುವುದಿಲ್ಲ. ನಿಂತಾಗ ಸೇರುತ್ತಾ ಹೋಗುತ್ತದೆ. ಆ ಉದ್ದದ ಪೈಪಿನ ಹೊಟ್ಟೆಯಲ್ಲಿ ಹೆಚ್ಚುಕಡಿಮೆ ಒಂದೂವರೆ ಕೊಡ ನೀರು ಹಿಡಿಯುತ್ತದೆ. ಮುಂದಿದ್ದ ಎರಡು ತಾಮ್ರದ ಕೊಡಗಳನ್ನು ನೋಡಿ ನನಗೆ ಭಯವಾಯಿತು. ಮಗಳು ಹೇಳಿದ "ಒಂದೊಂದ ದಿನ ಭಾಳ, ಒಂದೊಂದ ದಿನ ಇಲ್ಲ" ಎಂಬುದೂ ಅರ್ಥವಾಯಿತು. ಹೊಸ ಕೊಡ ಬಗ್ಗಿಸಿದ ದಿನ ಹೆಚ್ಚು, ಹಳತಾದಂತೆ ಹಾರಿ ಕಡಿಮೆ.

ಅಷ್ಟರಲ್ಲಿ ನಳ ಗೊರಗೊರ ಎಂದಿತು. ಮೊದಲ ನೀರು ನನಗೆ ಬೇಕೆಂದೆ. ಆಕೆಯ ಮುಖ ಗಟ್ಟಿಯಾಯಿತು. "ಲಿಂಗಕ್ಕಿಂತ ಮೊದಲ ನಿಮ್ಮ ಸೀಸೆಗೇನ್ರಿ?"

ವಾದ ಮಾಡುತ್ತ ನಿಂತರೆ ನೀರು ಹರಿದುಹೋಗುತ್ತದೆ. ಕೊಡ ತುಂಬಲಿ ಎಂದೆ. ನೀರು ಕೆಡದಿರಲೆಂದು ಸೀಸೆಗೆ ಮೊದಲೇ ಹನಿಸಿಡುವ ಆಮ್ಲ ಹಾಕದ, ಕೊಡದೊಳಗೆ ಮುಳುಗಿಸಬಹುದಾದ ಖಾಲಿ ಸೀಸೆಗಳೂ ಪೆಟ್ಟಿಗೆಯಲ್ಲಿದ್ದವು. ಮೊದಲ ಕೊಡ ತುಂಬಿದ ಕೂಡಲೇ ಒಂದು ಸೀಸೆಯನ್ನು ಆಕೆಯ ಕೈಗೇ ಕೊಟ್ಟೆ. ಮಡಿಯಲ್ಲಿದ್ದ ಕೈ ಆಕೆಯದು, ನಾನು ಮುಟ್ಟುವ ಮಾತೇ ಬರಲಿಲ್ಲ. ನಾನು ಹೇಳಿದಂತೆ ಆಕೆ ಸೀಸೆಯನ್ನು ನೀರಿನ ಆಳಕ್ಕೆ ಇಳಿಸಿ, ಓರೆ ಮಾಡಿ, ಒಳಗಿನ ಗಾಳಿ ಬಿಟ್ಟು, ನೀರಿನೊಳಗೇ ಮುಚ್ಚಳ ತಿರುಗಿಸಿ ಎತ್ತಿದರು. ಬುಡಮೇಲು ಮಾಡಿ ತಟ್ಟಿದೆ. ಒಂದು ಗುಳ್ಳೆಯೂ ಇರಲಿಲ್ಲ. ಇನ್ನೆರಡನ್ನು ಹಾಗೇ ತುಂಬಿಸಿದೆ. ಆಮೇಲೆ ನಳವನ್ನು ಬಹಳ ಹೊತ್ತು ಬಿಟ್ಟು, ಹಳೆಯ ಕ್ರಮದಂತೆಯೂ ತುಂಬಿದೆ.

ಬೆಳಗಾವಿಯ ಫಲಿತಾಂಶಕ್ಕೆ ದಿನಗಳು ಬೇಕು. ಅಲ್ಲಿಯತನಕ ಈ ಕೊಡ ಈ ಮನೆಯಲ್ಲೇ ಇರುತ್ತದೆ. ಏನು ಮಾಡಲಿ? ಕೈಯಲ್ಲಿ ಯಂತ್ರವಿಲ್ಲ, ನನ್ನ ಮೂಗು ಸತ್ತಿದೆ. ಆ ಮನೆಯಲ್ಲಿ ಚುರುಕಾದ ಮೂಗು ಒಂದೇ ಇತ್ತು, ಎಲ್ಲರೂ ನಕ್ಕ ಮೂಗು.

ಮೂರು ಸ್ಟೀಲ್ ಗ್ಲಾಸು ಕೇಳಿ ತೆಗೆದುಕೊಂಡೆ. ಒಂದರಲ್ಲಿ ಮೊದಲ ಕೊಡದ ನೀರು, ಒಂದರಲ್ಲಿ ಕೊನೆಗೆ ಬಂದ ನೀರು, ಇನ್ನೊಂದರಲ್ಲಿ ಗೋಕಾಕದಿಂದ ತಂದ ಶುದ್ಧ ನೀರು. ಮೂರನ್ನೂ ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರುಬೆಚ್ಚಗೆ ಮಾಡಿ, ಮೇಲೆ ತಾಟು ಮುಚ್ಚಿದೆ. ಯಾವುದು ಯಾವುದೆಂದು ತಾಯಿಗೆ ಹೇಳಲಿಲ್ಲ. ಒಯ್ದು ಕೊಡುವವರಿಗೂ ಗೊತ್ತಿರಬಾರದು, ಇಲ್ಲವಾದರೆ ಮುಖವೇ ಹೇಳಿಬಿಡುತ್ತದೆ. ತಾಯಿ ಒಳಗೆ ಒಯ್ದರು. ಮಗಳಿಗೆ ಕುಡಿಯಬೇಡ, ಮುಚ್ಚಳ ಸರಿಸಿ ಮೂಸು ಅಷ್ಟೇ ಎಂದು ಹೊಸ್ತಿಲಲ್ಲಿ ನಿಂತು ಹೇಳಿದೆ.

ಮೊದಲನೆಯದಕ್ಕೆ ಸುಮ್ಮನಿದ್ದಳು. ಎರಡನೆಯದಕ್ಕೆ ಮುಖ ತಿರುವಿ, "ಇದ," ಎಂದಳು. ಅದರಲ್ಲಿದ್ದುದು ಮೊದಲ ಕೊಡದ ನೀರು. ಹೊರಗೆ ತಂದು ಜಾಗ ಬದಲಿಸಿ ಮತ್ತೆ ಕಳಿಸಿದೆ. ಮತ್ತೆ ಅದನ್ನೇ ಹಿಡಿದಳು. ಮೂರನೆಯ ಸಲ ಮೂರೂ ಗ್ಲಾಸಿಗೆ ಶುದ್ಧ ನೀರನ್ನೇ ಹಾಕಿ ಕಳಿಸಿದೆ. ಒಂದೊಂದನ್ನೇ ಮೂಸಿ, ಇನ್ನೊಮ್ಮೆ ಮೂಸಿ, "ಇದರಾಗ ಯಾವುದೂ ಇಲ್ಲ. ನನಗ ಆಟ ಆಡಸಾಕತ್ತೀರೇನ್ರಿ ಮೇಡಮ್?" ಎಂದಳು.

ಅಧಿಕಾರ ನನಗಿರಲಿಲ್ಲ. ಫಲಿತಾಂಶ ಕೈಯಲ್ಲಿಲ್ಲದೆ ನೀರು ಕೆಟ್ಟಿದೆ ಎನ್ನುವಂತಿಲ್ಲ. ಒಂದು ಗಂಟು ಕೆಡಿಸಿಕೊಂಡವಳು, ಇನ್ನೊಂದರಲ್ಲಿ ಏನಿಲ್ಲ ಎಂದವಳು, ಮೂರನೆಯ ಸಲ ಮೂಗು ನಂಬಿ ಮಾತಾಡಿದಳು ಎಂದರೆ ನೌಕರಿಗೇ ಕುತ್ತು. ಅದೆಲ್ಲ ತಲೆಯಲ್ಲಿ ಓಡಿತು. ಆದರೂ ತಾಯಿಯನ್ನು ಕೂರಿಸಿ ಹೇಳಿದೆ. ಈ ಎರಡು ಕೊಡ ಚೆಲ್ಲಿಬಿಡಿ. ಮಗಳನ್ನು ಹುಕ್ಕೇರಿಗೆ ಕಳಿಸಿ.

"ರಿಪೋರ್ಟ್ ಬಂತೇನ್ರಿ?"

"ಇಲ್ರಿ."

"ಮತ್ತ?"

"ರಿಪೋರ್ಟ್ ಬರೂತನಕ ಕುಡದ್ರ, ಆಮ್ಯಾಲ ಬಂದ ರಿಪೋರ್ಟ್ ಯಾತಕ್ಕ ಬೇಕ್ರಿ ಅಕ್ಕಾರ?"

ಆಕೆ ಕ್ಯಾನ್ ನೀರು ತರಿಸುತ್ತೇನೆ ಎಂದರು. ಕಾಯಿಸಿ ಆರಿಸಿ ಕೊಡುತ್ತೇನೆ ಎಂದರು. ಕುಡಿಯುವುದಕ್ಕೆ ಕ್ಯಾನ್ ಸರಿ. ಆದರೆ ಬಾಣಂತಿಗೆ, ಕೂಸಿಗೆ ಎರೆಯುವುದು? ನಮ್ಮ ಕಡೆ ಹಂಡೆಗಟ್ಟಲೆ ಸುಡುಸುಡು ನೀರು, ಮುಚ್ಚಿದ ಬಚ್ಚಲು. ಕಾಯಿಸಿದರೆ ಈ ವಸ್ತು ನೀರು ಬಿಟ್ಟು ಆವಿಯಾಗಿ ಅಲ್ಲೇ ತುಂಬಿಕೊಳ್ಳುತ್ತದೆ. ಬಳಸುವ ನೀರು ಶುದ್ಧವೆಂದು ನನ್ನ ಹಿಂದಿನ ಫಲಿತಾಂಶ ಹೇಳಿದ್ದು ಖರೆ, ಆದರೆ ಅದರ ಮೇಲೆ ನನಗೇ ನಂಬಿಕೆ ಉಳಿದಿರಲಿಲ್ಲ.

ಆಕೆ ಅಳಲಿಲ್ಲ. "ಮೊದಲ ಬಾಣಂತನ, ಬಾಯಾರ. ಹೊಟ್ಟಿ ತುಂಬಿದ ಮಗಳನ್ನ ತವರಿನಿಂದ ತಿರುಗಿ ಕಳಿಸಿದ್ರು ಅಂತ ಬೀಗರು ಏನಂದಾರು? ನಮ್ಮ ಮನ್ಯಾಗ ನೀರಿಗೂ ಗತಿ ಇಲ್ಲಂತ ಅಂದಾರು," ಎಂದರು. ತಾಮ್ರದ ಕೊಡಗಳ ಕಡೆ ತಿರುಗಿ, ತಮಗೆ ತಾವೇ ಹೇಳಿಕೊಂಡಂತೆ, "ಲಿಂಗಕ್ಕ ಎರದದ್ದು ತೀರ್ಥ ಅಂತ ದಿನಾ ಮುಂಜಾನೆ ನಾನ ಆಕಿ ಬಾಯಾಗ ಹಾಕೇನಿ," ಎಂದು ಎದ್ದು, ಎರಡೂ ಕೊಡಗಳನ್ನು ಗಟಾರಕ್ಕೆ ಬಗ್ಗಿಸಿದರು. ಮಧ್ಯಾಹ್ನದ ಹೊತ್ತಿಗೆ ಮಗಳ ಬಟ್ಟೆಯ ಚೀಲ ಅಂಗಳಕ್ಕೆ ಬಂದಿತ್ತು. ನಾನು ಬೆಳಗಾವಿಗೆ ಪೆಟ್ಟಿಗೆ ಕಳಿಸಲು ಓಡಿದೆ.

ಆ ದಿನಗಳು ಹೇಗೆ ಕಳೆದವೋ. ಇಂಜಿನಿಯರಿಗೆ ನಾನೇ ಎಲ್ಲ ಹೇಳಿದ್ದೆ. "ನಿಯಮ ಬಿಟ್ಟು ಸ್ಯಾಂಪಲ್ ತಗೊಂಡೀರಿ. ಅದು ನಮ್ಮ ನೀರಲ್ಲ, ಅವರ ಪೈಪಿನ ನೀರು," ಎಂದು ಅವರು ಸಿಟ್ಟಾದರು. ಒಂದು ರೀತಿಯಲ್ಲಿ ಅವರು ಹೇಳಿದ್ದು ಖರೆಯೇ. ಜನ ಕುಡಿಯುವುದು ಊರಿನ ನೀರನ್ನಲ್ಲ, ತಮ್ಮ ಪೈಪಿನ ನೀರನ್ನು ಎಂದೆ. ಅವರು ಫೋನ್ ಇಟ್ಟರು. ಏನೂ ಸಿಗದಿದ್ದರೆ ಆ ತಾಯಿಗೆ ಯಾವ ಮುಖ ತೋರಿಸಲಿ ಎಂಬುದೇ ನನ್ನ ಚಿಂತೆ. ಸಿಕ್ಕಿದರೆ ಆಕೆ ಇಷ್ಟು ದಿನ ಕುಡಿಸಿದ್ದಕ್ಕೆ ಏನು ಹೇಳಲಿ ಎಂಬುದು ಇನ್ನೊಂದು.

ಸಿಕ್ಕಿತು. ಮೊದಲ ಕೊಡದ ಮೂರೂ ಸೀಸೆಗಳಲ್ಲಿ ಬೆಂಜೀನ್, ಮಿತಿಗಿಂತ ಎಷ್ಟೋ ಪಟ್ಟು. ಬಹಳ ಹೊತ್ತು ಬಿಟ್ಟು ತುಂಬಿದ ಸೀಸೆಯಲ್ಲಿ ಏನಿಲ್ಲ. ಸಾಕ್ಷಿ ಸೀಸೆ ಶುದ್ಧ. ನಾನು ಕುರ್ಚಿಯಲ್ಲಿ ಕೂತು ಅತ್ತೆ. ಗೆದ್ದೆನೆಂದಲ್ಲ. ನನ್ನ ಡ್ರಾಯರಿನಲ್ಲಿದ್ದ ಆ ಇನ್ನೊಂದು ಒಕ್ಕಣೆ ನೆನಪಾಗಿ.

ಇಂಜಿನಿಯರ್ ಅಂಕಿ ನೋಡಿದ ಮೇಲೆ ಒಂದು ಮಾತೂ ವಾದಿಸಲಿಲ್ಲ, ಅದನ್ನು ಹೇಳಲೇಬೇಕು. ಮರುದಿನವೇ ಅಗೆಸಿದರು, ನಾನೂ ಹೋಗಿದ್ದೆ. ಮೊಣಕಾಲು ಆಳ ಹೋಗುವುದರೊಳಗೆ ಮಣ್ಣು ಕರಿ ಹಸಿರು ಬಣ್ಣಕ್ಕೆ ತಿರುಗಿತು. ಅಗೆಯುವವರು ಬಾಯಿಗೆ ಟವೆಲ್ ಕಟ್ಟಿಕೊಂಡರು, ಬೀಡಿ ಹಚ್ಚಲು ಹೋದವನನ್ನು ನಾನು ಕೂಗಿ ನಿಲ್ಲಿಸಿದೆ. ಆ ವಾಸನೆ ನನ್ನ ಸತ್ತ ಮೂಗಿಗೂ ಹತ್ತಿತು. ಪೈಪನ್ನು ಎತ್ತಿದರೆ ಮೆತ್ತಗೆ ಬಾಗುತ್ತಿತ್ತು. ಇಂಜಿನಿಯರ್ ಅದನ್ನು ಕೈಯಲ್ಲಿ ಹಿಡಿದು ನೋಡಿ, "ಆ ಹುಡುಗಿಗೆ ನಾ ಏನೇನೋ ಅಂದ್ನಲ್ರಿ ಮೇಡಮ್," ಎಂದರು. ನಾನೂ ನಕ್ಕಿದ್ದೆ ಎಂದೆ. ಹಳೆಯ ಟ್ಯಾಂಕ್ ಅಲ್ಲೇ ಹೂತಿತ್ತು. ಅದನ್ನು ತೆಗೆಸುವುದು, ಮಣ್ಣು ಸಾಗಿಸುವುದು ಇವತ್ತಿಗೂ ಎಳೆದಾಡುತ್ತಿದೆ. ಓಣಿಯ ಮನೆಗಳಿಗೆ ಮಾತ್ರ ಇನ್ನೊಂದು ಬದಿಯಿಂದ ಕಬ್ಬಿಣದ ಪೈಪು ಹಾಕಿದರು.

ಪೈಪು ಮುಗಿಯುವ ಮೊದಲೇ ಹುಕ್ಕೇರಿಯಲ್ಲಿ ಹೆಣ್ಣು ಹುಟ್ಟಿತ್ತು. ತಾಯಿ ಬೀಗರ ಮನೆಯಲ್ಲಿ, ಬೀಗರ ಒಲೆಯ ಮುಂದೆ ಕೂತು ಮಗಳಿಗೆ ಎರೆದರು.

ಹೊಸ ಪೈಪಿನ ನೀರು ಬಂದ ಬೆಳಗ್ಗೆ ಆಕೆ ಹುಕ್ಕೇರಿಯಿಂದ ಬಂದು ಮನೆಯ ಬಾಗಿಲು ತೆಗೆದರು. ಒದ್ದೆ ಕೂದಲು, ತಿಕ್ಕಿದ ಕೊಡ, ಎಲ್ಲ ಮೊದಲಿನಂತೆ. ನಾನು ಈ ಸಲ ಆಕೆಯ ಕೊಡ ತುಂಬಲಿ ಎಂದು ಸರಿದು ನಿಂತಿದ್ದೆ. ನಳ ಗೊರಗೊರ ಎಂದಾಗ ಆಕೆ ಕೊಡವನ್ನು ಬದಿಗಿಟ್ಟು ನನ್ನ ಕಡೆ ಕೈ ಚಾಚಿದರು.

"ಕೊಡ್ರಿ ಸೀಸೆ. ಇವತ್ತ ಮೀಸಲು ಇದಕ್ಕ. ಲಿಂಗಪ್ಪ ಏನೂ ಅನ್ನೂದಿಲ್ಲ."

ಸೀಸೆ ತುಂಬಿದ ಮೇಲೆ ಅಭ್ಯಾಸಬಲದಿಂದ ತಟ್ಟೆಯಲ್ಲಿ ನೀರು ಬೆಲ್ಲ ತಂದರು. ಹಳೆಯದು ನೆನಪಾಗಿ ನಾನು ತಂಬಿಗೆಗೆ ಕೈ ಹಾಕಿದೆ. ಆಕೆ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು. "ಬ್ಯಾಡ್ರಿ. ರಿಪೋರ್ಟ್ ಬರಲಿ. ಬೆಲ್ಲಾ ಇಟ್ಟಿರ್ತೀನಿ."

ಆ ಸಲವೂ, ಅದರ ಮುಂದಿನ ಪಾಳಿಗೂ, ಮೊದಲ ನೀರಿನಲ್ಲಿ ಏನೂ ಸಿಗಲಿಲ್ಲ. ಮಗಳನ್ನು, ಕೂಸನ್ನು ಕರೆತಂದ ದಿನ ನಾನು ವರದಿಯನ್ನು ಚೀಲದಲ್ಲಿಟ್ಟುಕೊಂಡು ಹೋದೆ, ಸಹಿ ಹಾಕಿ. ಓದಿ ಹೇಳಲು ತೆಗೆದೆ. ತಾಯಿ ಅದರ ಕಡೆ ನೋಡಲಿಲ್ಲ. ತಟ್ಟೆಯನ್ನು ನನ್ನ ಮುಂದೆ ಇಡದೆ, ತೊಟ್ಟಿಲ ಪಕ್ಕ ಕೂತ ಮಗಳ ಮುಂದೆ ಹಿಡಿದರು. ಮಗಳು ತಂಬಿಗೆ ಎತ್ತಿ ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದಳು. ನನ್ನ ಕೈಯಲ್ಲಿ ಬೆಳಗಾವಿಯ ಅಂಕಿಗಳಿದ್ದವು, ಆದರೂ ಆಕೆಯ ಮುಖವನ್ನೇ ನೋಡುತ್ತಿದ್ದೆ.

ಒಂದು ಗುಟುಕು ಕುಡಿದಳು. ಇನ್ನೊಂದು ಗುಟುಕು ಕುಡಿದಳು. ಆಮೇಲೆ ತಂಬಿಗೆಯನ್ನು ನನ್ನ ಕಡೆ ಚಾಚಿದಳು.

"ಕುಡೀರಿ ಮೇಡಮ್," ಎಂದಳು. "ನೀರು ಚೊಲೊ ಅದಾವ."